ಮೂವತ್ತೊಂದು ಮೀಟರ್ ಹಗ್ಗ

ನಾನು ಹಗ್ಗ. ಬಾವಿಯ ಹಗ್ಗವಲ್ಲ, ದನ ಕಟ್ಟುವ ಹಗ್ಗವೂ ಅಲ್ಲ. ಬೀಳುವ ಮನುಷ್ಯರನ್ನು ಹಿಡಿಯಲೆಂದೇ ನನ್ನನ್ನು ಹೆಣೆದರು.

ಇಟಲಿಯ ಉತ್ತರಕ್ಕೆ, ಹಿಮಬೆಟ್ಟಗಳ ಕೆಳಗಿನ ಒಂದು ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಮೊದಲು ಬಿಳಿಯ ಎಳೆಗಳನ್ನು ಹುರಿಮಾಡಿ ನನ್ನ ಒಳಗನ್ನು ಮಾಡಿದರು. ಆಮೇಲೆ ಯಂತ್ರವೊಂದು ಗಿರಗಿರನೆ ಸುತ್ತುತ್ತ ಆ ಬಿಳುಪಿನ ಮೇಲೆ ನೀಲಿ ನೂಲಿನ ಅಂಗಿ ನೇಯ್ದಿತು. ನನ್ನಂತೆಯೇ ಅದೇ ದಿನ ಹುಟ್ಟಿದ ಇನ್ನೊಂದು ಹಗ್ಗವನ್ನು ಎತ್ತಿಕೊಂಡು ಹೋಗಿ, ಅದಕ್ಕೆ ಎಂಬತ್ತು ಕಿಲೋ ಭಾರ ಕಟ್ಟಿ, ಎತ್ತರದಿಂದ ಬೀಳಿಸಿದರು. ಒಂದು ಸಲವಲ್ಲ, ಹತ್ತು ಸಲ. ಹತ್ತನೆಯ ಸಲಕ್ಕೆ ಅದು ತುಂಡಾಯಿತು. ಬಿಳಿ ಕೋಟಿನ ಹೆಂಗಸು ಏನನ್ನೋ ಬರೆದುಕೊಂಡು, “ಒಳ್ಳೆಯ ಹಗ್ಗ” ಎಂದಳು. ಆ ಮೆಚ್ಚುಗೆಯ ಬಲದ ಮೇಲೆ ನಮ್ಮನ್ನೆಲ್ಲ ಪೊಟ್ಟಣಗಳಲ್ಲಿ ಸುತ್ತಿ ಅಂಗಡಿಗಳಿಗೆ ಕಳಿಸಿದರು. ಮೆಚ್ಚುಗೆ ಪಡೆದ ಹಗ್ಗ ಮಾತ್ರ ಕಸದ ಬುಟ್ಟಿಯಲ್ಲಿತ್ತು.

ನಾನು ಹಡಗು ಹತ್ತಿ ಸಾರ್ಡಿನಿಯಾ ಎಂಬ ದ್ವೀಪಕ್ಕೆ ಬಂದೆ. ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ದೊಡ್ಡ ದ್ವೀಪ ಅದು. ಅದರ ಪೂರ್ವ ದಂಡೆಯಲ್ಲಿ ಬೆಟ್ಟ ನೇರವಾಗಿ ಸಮುದ್ರಕ್ಕೆ ಮುರಿದುಬಿದ್ದಂತೆ ನಿಂತಿದೆ. ಸುಣ್ಣಕಲ್ಲಿನ ಬಿಳಿ ಗೋಡೆಗಳು, ಅವುಗಳ ಬಿರುಕಿನಲ್ಲಿ ಬೇರು ಬಿಟ್ಟ ಜುನಿಪರ್ ಮರಗಳು, ಕೆಳಗೆ ಸಣ್ಣ ಸಣ್ಣ ಕೊಲ್ಲಿಗಳು. ರಸ್ತೆ ಇಲ್ಲ. ಮೇಕೆ ಕಾಯುವವರೂ ಹಿಂದೆ ಇದ್ದಿಲು ಸುಡುತ್ತಿದ್ದವರೂ ತುಳಿದ ಕಾಲುಹಾದಿಗಳು ಮಾತ್ರ ಇವೆ. ಆ ಹಾದಿಗಳಲ್ಲಿ ನಡೆಯಬೇಕೆಂದು ದೂರದೂರದಿಂದ ಜನ ಬರುತ್ತಾರೆ. ದಾರಿ ತೋರಿಸುವವರಿಲ್ಲದೆ ಹೋದರೆ ತಿರುಗಿ ಬರುವುದು ಕಷ್ಟ.

ಹಾಗೆ ದಾರಿ ತೋರಿಸುತ್ತಿದ್ದ ಎಫೀಸಿಯೋ ಎಂಬ ಮುದುಕ ನನ್ನ ಮೊದಲ ಯಜಮಾನ. ಅರವತ್ತೇಳು ವರ್ಷ, ಕುಳ್ಳ ದೇಹ, ಒರಟು ಬೆರಳು. ಅಂಗಡಿಯಲ್ಲಿ ಅವನು ನನ್ನನ್ನು ಎರಡೂ ಕೈಗಳಲ್ಲಿ ಬಗ್ಗಿಸಿ, ಮೂಸಿ, ಕೆನ್ನೆಗೆ ಒತ್ತಿಕೊಂಡು ನೋಡಿದ. ಅಂಗಡಿಯವನು ನಕ್ಕ. ಎಫೀಸಿಯೋ ನಗಲಿಲ್ಲ.

ನಾನು ಮೊದಲು ಹೊತ್ತ ಭಾರ ಒಂದು ಮೇಕೆಯದು. ಅವನ ತಮ್ಮನ ಕಪ್ಪು ಮೇಕೆ ಹಸಿರೆಲೆಯ ಆಸೆಗೆ ಬಂಡೆಯ ಅಂಚಿಗೆ ಇಳಿದು, ಮೇಲೆ ಬರಲಾಗದೆ ಎರಡು ದಿನ ಅಲ್ಲೇ ಕೂಗುತ್ತಿತ್ತು. ಎಫೀಸಿಯೋ ನನ್ನನ್ನು ಹಿಡಿದು ಇಳಿದು, ಅದರ ಹೊಟ್ಟೆಗೆ ನನ್ನನ್ನು ಕಟ್ಟಿ, ಮೇಲಿದ್ದ ತಮ್ಮನಿಗೆ ಎಳೆಯಲು ಹೇಳಿದ. ಮೇಕೆ ಕೃತಜ್ಞತೆ ಇಲ್ಲದೆ ನನ್ನನ್ನು ಕಚ್ಚಿತು. ಆ ಸಂಜೆ ಎಫೀಸಿಯೋ ನನ್ನನ್ನು ಸ್ನಾನದ ತೊಟ್ಟಿಯಲ್ಲಿ ತಣ್ಣೀರಿನಿಂದ ತೊಳೆದು, ನೆರಳಿನಲ್ಲಿ ಒಣಗಿಸಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಣ್ಣು ಮುಚ್ಚಿ ಬೆರಳಾಡಿಸಿದ. ಎಲ್ಲಾದರೂ ಮೆತ್ತಗಾಗಿದೆಯೇ, ಎಲ್ಲಾದರೂ ಗಂಟುಗಟ್ಟಿದೆಯೇ ಎಂದು. ಆಮೇಲೆ ಪ್ರತಿದಿನವೂ ಹಾಗೆಯೇ ಮಾಡಿದ.

ಒಂದು ವರ್ಷ ಕಳೆಯುವಷ್ಟರಲ್ಲಿ ಅವನ ಮೊಣಕಾಲುಗಳು ಮಾತು ಕೇಳದಾದವು. ಒಂದು ಬೆಳಿಗ್ಗೆ ನನ್ನನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ಮನೆಗೆ ಹೋದ. ಅಲ್ಲಿ ಬೊನಾರಿಯಾ ಇದ್ದಳು. ಬಂದರಿನ ಹೋಟೆಲಿನಲ್ಲಿ ಹದಿನಾರು ವರ್ಷ ತಟ್ಟೆ ಎತ್ತಿದವಳು. ಮೂವತ್ತೆಂಟರ ವಯಸ್ಸಿನಲ್ಲಿ ಕೆಲಸ ಬಿಟ್ಟು, ದಾರಿ ತೋರಿಸುವ ಪರೀಕ್ಷೆಗೆ ಕೂತು, ಎರಡು ಸಲ ಫೇಲಾಗಿ, ಮೂರನೆಯ ಸಲ ಪಾಸಾಗಿದ್ದಳು. ಊರಿನ ಗಂಡಸರು ಕಾಫಿ ಅಂಗಡಿಯಲ್ಲಿ ಕೂತು, “ಇನ್ನು ಮೇಲೆ ಸೂಪು ಬಂಡೆಯ ಮೇಲೆ ಬಡಿಸುತ್ತಾಳಂತೆ” ಎಂದು ನಗುತ್ತಿದ್ದರು. ಅವಳು ಅವರ ಮುಂದೆಯೇ ಬೆನ್ನಿಗೆ ಚೀಲ ಏರಿಸಿಕೊಂಡು ನಡೆಯುತ್ತಿದ್ದಳು.

“ಹಗ್ಗವನ್ನು ನಂಬಬೇಕು ಮಗಳೇ,” ಎಂದ ಎಫೀಸಿಯೋ. “ಆದರೆ ನಿನ್ನೆ ನಂಬಿದ್ದೆ ಎಂದು ಇವತ್ತು ನಂಬಬೇಡ. ದಿನವೂ ಮುಟ್ಟಿ ನೋಡು.”

“ನೋಡುತ್ತೇನೆ,” ಎಂದಳು ಬೊನಾರಿಯಾ.

ಆರು ವರ್ಷ ನಾನು ಅವಳ ಜೊತೆಗಿದ್ದೆ. ಅವಳದು ಮಾತು ಕಡಿಮೆ, ಕಟ್ಟುನಿಟ್ಟು ಹೆಚ್ಚು. ಒಮ್ಮೆ ಫೋಟೋ ತೆಗೆಯುವ ಹುರುಪಿನಲ್ಲಿ ಒಬ್ಬ ಪ್ರವಾಸಿ ನನ್ನನ್ನು ತುಳಿದುಕೊಂಡು ನಿಂತ. ಕಾಲು ತೆಗೆಯಿರಿ ಎಂದಳು. ಅವನು ತೆಗೆದ. ಹತ್ತು ನಿಮಿಷ ಬಿಟ್ಟು ಮತ್ತೆ ತುಳಿದ. ಅವಳು ನನ್ನನ್ನು ಸುತ್ತಿ ಚೀಲಕ್ಕೆ ಹಾಕಿ, “ಹಗ್ಗ ತುಳಿಯುವವರನ್ನು ನಾನು ಬಂಡೆ ಇಳಿಸುವುದಿಲ್ಲ. ಬನ್ನಿ, ವಾಪಸ್ಸು ಹೋಗೋಣ” ಎಂದಳು. ಅವನು ಎಷ್ಟು ಹಾರಾಡಿದರೂ ಬಗ್ಗಲಿಲ್ಲ.

ಆ ಆರು ವರ್ಷಗಳಲ್ಲಿ ನೂರಾರು ಜನರನ್ನು ಮೆಲ್ಲಗೆ ಇಳಿಸಿದೆ. ಹೆದರಿದವರ ಬೆವರು ಕುಡಿದೆ. ಆದರೆ ನಿಜವಾಗಿ ಬೀಳುವ ಮನುಷ್ಯರೊಬ್ಬರನ್ನು ಒಮ್ಮೆಯೂ ಹಿಡಿದಿರಲಿಲ್ಲ. ಬೊನಾರಿಯಾಗೆ ಅದೇ ಹೆಮ್ಮೆ. ನನಗೆ ಮಾತ್ರ, ಆ ಗಳಿಗೆ ಬಂದರೆ ನಾನು ತಡೆದೇನೆಯೇ ಎಂಬುದು ಗೊತ್ತಿರಲಿಲ್ಲ.

ಏಳನೆಯ ವರ್ಷದ ಅಕ್ಟೋಬರಿನಲ್ಲಿ ಅವರಿಬ್ಬರು ಬಂದರು.

ಒಬ್ಬಳು ಕೃಪಾ. ದ್ವೀಪದ ದೊಡ್ಡ ಊರಿನ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿನ ಭಾಷೆ ಚೆನ್ನಾಗಿ ಬರುತ್ತಿತ್ತು. ಇನ್ನೊಬ್ಬರು ಅವಳ ತಾಯಿಯ ಅಕ್ಕ, ಸುಗುಣವ್ವ. ಗದಗ ಬೆಟಗೇರಿಯವರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಪಿ.ಟಿ. ಟೀಚರಾಗಿದ್ದು, ಆಗಷ್ಟೇ ನಿವೃತ್ತರಾಗಿದ್ದರು. ತೆಳ್ಳಗಿನ ಎತ್ತರದ ಮೈ, ಬಿಗಿಯಾಗಿ ಕಟ್ಟಿದ ನರೆತ ಕೂದಲು, ಟ್ರ್ಯಾಕ್ ಪ್ಯಾಂಟು, ಯಾವುದೋ ತಾಲ್ಲೂಕು ಕ್ರೀಡಾಕೂಟದ ಟೀ ಶರ್ಟು. ಕೊರಳಲ್ಲಿ ಸರದ ಬದಲು ಸೀಟಿ. ಕಾಲಲ್ಲಿ ಬಿಳಿ ಕ್ಯಾನ್‌ವಾಸ್ ಬೂಟು.

ಬೊನಾರಿಯಾ ಆ ಬೂಟುಗಳನ್ನು ನೋಡಿ ಹುಬ್ಬು ಗಂಟಿಕ್ಕಿದಳು. “ಇವರಿಗೆ ಅರ್ಧ ದಾರಿ ಸಾಕು. ಮೇಲಿನಿಂದ ಸಮುದ್ರ ನೋಡಿ ವಾಪಸ್ಸು ಬರೋಣ.”

ಕೃಪಾ ಅದನ್ನು ಕನ್ನಡದಲ್ಲಿ ಹೇಳಿದಳು. ಆ ಭಾಷೆ ನನಗೆ ಆಗ ಹೊಸದು. ಅದರ ಮಾತುಗಳೆಲ್ಲ ಆಮೇಲೆ ಅರ್ಥವಾದವು. ಅಂದು ದನಿ ಮಾತ್ರ ಸಾಕಾಗಿತ್ತು.

“ಅರ್ಧಾ ದಾರಿ ನೋಡಾಕ ಇಷ್ಟು ದೂರ ಬಂದೇನೇನವ್ವಾ ನಾ?” ಎಂದರು ಸುಗುಣವ್ವ. “ನಿಮ್ಮವ್ವ ಸಾಯೂಕಿಂತ ಮೊದಲ ಆಸ್ಪತ್ರ್ಯಾಗ ನಂಗ ಹೇಳಿದ್ಲು, ಅಕ್ಕಾ, ಕೃಪಾ ಕರೀತಾಳ, ನೀನರ ಹೋಗು, ನನ್ನ ಕಣ್ಣಿಲೇನೂ ನೋಡಿ ಬಾ ಅಂತ. ಬಸ್ಸಿನ್ಯಾಗ ಕುಂತು ನೋಡು ಅಂತ ಹೇಳಿಲ್ಲ. ಏನ್ ಏರಿ ತೋರಸ್ಬೇಕು ಅಂತ ಕೇಳು ಆಕಿನ್ನ.”

ಬೊನಾರಿಯಾ ಎರಡಾಳೆತ್ತರದ ಬಂಡೆಯೊಂದನ್ನು ತೋರಿಸಿದಳು. ಸುಗುಣವ್ವ ಅವಸರ ಮಾಡಲಿಲ್ಲ. ಬಂಡೆಯ ಸುತ್ತ ಒಂದು ಸುತ್ತು ಹಾಕಿ, ಎಲ್ಲಿ ಕಾಲಿಡಬೇಕು ಎಂದು ನೋಡಿ, ಆಮೇಲೆ ಮೆಟ್ಟಿಲು ಹತ್ತಿದಂತೆ ಹತ್ತಿದರು. ಇಳಿದು ಬಂದು ಕೈ ಕೊಡವಿಕೊಂಡರು. ಬೊನಾರಿಯಾ ಹಗ್ಗ ಸಿಕ್ಕಿಸುವ ಸೊಂಟದ ಪಟ್ಟಿಯೊಂದನ್ನು ತಂದು ಅವರಿಗೆ ಕಟ್ಟಿದಳು.

ಹೊರಟೆವು. ಬಿಸಿಲಿಗೆ ಕಾದ ರೋಸ್‌ಮರಿ ಗಿಡಗಳ ವಾಸನೆ, ಎಡಕ್ಕೆ ನಾಲ್ಕು ನೂರು ಮೀಟರ್ ಕೆಳಗೆ ಸಮುದ್ರ. ಕೃಪಾ ಅಂಚಿನಿಂದ ದೂರ ದೂರ ನಡೆಯುತ್ತಿದ್ದಳು. ಸುಗುಣವ್ವ ಅಂಚಿಗೆ ಹೋಗಿ ನಿಂತು ನೋಡಿದರು.

“ಕಾರವಾರದಾಗ ಸಮುದ್ರ ನೋಡೀನಿ. ಅಲ್ಲಿ ಅದಾ ನಮ್ಮ ಕಾಲತನಕಾ ಬರತೈತಿ,” ಎಂದರು. “ಇಲ್ಲಿ ನಾವಾ ಅದರ ಕಡೆ ಹೋಗಬೇಕು. ಭಾಳ ಸೊಕ್ಕಿನ ಸಮುದ್ರ ಐತಿ ಇದು.”

ಕೃಪಾ ಅನುವಾದಿಸಿದಾಗ ಬೊನಾರಿಯಾ ಅಂದು ಮೊದಲ ಸಲ ನಕ್ಕಳು.

ಮಧ್ಯಾಹ್ನದ ಹೊತ್ತಿಗೆ ಕಣಿವೆಯೊಂದರಲ್ಲಿ ಇಳಿದು ಕೊಲ್ಲಿಯ ನೆತ್ತಿಗೆ ಬಂದೆವು. ಅಲ್ಲಿ ಕಣಿವೆ ಥಟ್ಟನೆ ನಿಂತುಬಿಡುತ್ತದೆ. ಹನ್ನೆರಡು ಮೀಟರ್ ನೇರ ಗೋಡೆ, ಅದರ ಕೆಳಗೆ ದುಂಡುಕಲ್ಲಿನ ಪುಟ್ಟ ದಂಡೆ. ನಾನು ಕೆಲಸ ಮಾಡುತ್ತಿದ್ದುದು ಇಲ್ಲಿಯೇ. ಬೊನಾರಿಯಾ ಒಬ್ಬೊಬ್ಬರನ್ನೇ ನನ್ನ ಮೇಲೆ ಇಳಿಸಿ, ಕೊನೆಗೆ ನನ್ನನ್ನು ಎರಡು ಮಡಿಕೆ ಮಾಡಿ ತಾನೂ ಇಳಿದು, ಒಂದು ತುದಿ ಹಿಡಿದು ನನ್ನನ್ನು ಕೆಳಗೆಳೆದುಕೊಳ್ಳುತ್ತಿದ್ದಳು. ಆಮೇಲೆ ಅಂತಿಯೋಕೋ ಎಂಬ ದೋಣಿಯವನು ಬಂದು ಎಲ್ಲರನ್ನೂ ಬಂದರಿಗೆ ಕರೆದೊಯ್ಯುತ್ತಿದ್ದ. ನನ್ನನ್ನು ಕೆಳಗೆಳೆದ ನಂತರ ಮತ್ತೆ ಮೇಲೆ ಹೋಗಲು ಒಂದೇ ದಾರಿ. ಗೋಡೆಯ ಬಿರುಕಿನಲ್ಲಿ ಇದ್ದಿಲು ಸುಡುವವರು ಎಂದೋ ಸಿಕ್ಕಿಸಿಟ್ಟ ಜುನಿಪರ್ ದಿಮ್ಮಿಗಳ ಏಣಿ. ಅದನ್ನು ಯಾರೂ ಹತ್ತುತ್ತಿರಲಿಲ್ಲ.

ಅಂದೂ ಎಲ್ಲವೂ ಸರಿಯಾಗಿಯೇ ನಡೆಯಿತು. ದಂಡೆಯಲ್ಲಿ ಕೂತು ರೊಟ್ಟಿ, ಚೀಸು ತಿಂದರು. ಅಲ್ಲಿಯ ತೆಳು ಗರಿಗರಿ ರೊಟ್ಟಿಯನ್ನು ಮುರಿದು ನೋಡಿ ಸುಗುಣವ್ವ, “ನಮ್ಮ ಖಡಕ್ ರೊಟ್ಟಿ ಇಲ್ಲಿಗ್ಯಾವಾಗ ಬಂತವ್ವಾ?” ಎಂದರು.

ಎರಡು ಗಂಟೆಗೆ ಗಾಳಿ ತಿರುಗಿತು.

ಬೆಳಿಗ್ಗೆ ಅಂತಿಯೋಕೋ ಸಂಜೆಯವರೆಗೂ ಸಮುದ್ರ ಶಾಂತ ಎಂದಿದ್ದ. ಆದರೆ ಅವನ ದೋಣಿ ಕಾಣಿಸಿಕೊಳ್ಳುವ ಹೊತ್ತಿಗೆ ಅಲೆಗಳು ಬಿಳಿಯಾಗಿದ್ದವು. ಮೂರು ಸಲ ದಂಡೆಗೆ ತರಲು ನೋಡಿದ. ಮೂರನೆಯ ಸಲ ದೋಣಿಯ ಮೂತಿ ಬಂಡೆಗೆ ಒಂದು ಗೇಣು ದೂರದಲ್ಲಿ ಎದ್ದು ಬಿತ್ತು. ಅವನು ಕೈಯಾಡಿಸಿ ಬಂದರಿನ ಕಡೆ ತೋರಿಸಿ ತಿರುಗಿ ಹೋದ. ಅಲ್ಲಿ ಫೋನು ಸಿಗುವುದಿಲ್ಲ. ಬಂದರು ಒಂದೂವರೆ ಗಂಟೆ ದೂರ. ಬೇರೆ ದೊಡ್ಡ ದೋಣಿ ಬಂದರೂ ಈ ಅಲೆಗಳಲ್ಲಿ ದಂಡೆ ಮುಟ್ಟುವಂತಿರಲಿಲ್ಲ. ಅವರು ಊಟ ಮಾಡಿದ್ದ ಜಾಗದ ಮೇಲೆ ಆಗಲೇ ನೀರು ಹರಿದಾಡುತ್ತಿತ್ತು.

ಬೊನಾರಿಯಾ ಗೋಡೆಯನ್ನು ನೋಡಿದಳು. “ಹತ್ತಬೇಕು. ನಾನು ಮೊದಲು ಹೋಗಿ ಹಗ್ಗ ಕಟ್ಟುತ್ತೇನೆ. ಆಮೇಲೆ ನೀವಿಬ್ಬರು.”

ನನ್ನನ್ನು ಸೊಂಟಕ್ಕೆ ಕಟ್ಟಿಕೊಂಡು ಏರತೊಡಗಿದಳು. ಮೊದಲ ದಿಮ್ಮಿ, ಎರಡನೆಯದು, ಮೂರನೆಯದು. ಐದನೆಯ ದಿಮ್ಮಿಗೆ ಪಟ್ಟಿಯೊಂದನ್ನು ಸುತ್ತಿ ನನ್ನನ್ನು ಅದರಲ್ಲಿ ಸಿಕ್ಕಿಸಬೇಕೆಂದು ಕೈ ಚಾಚುವಾಗ ಕಾಲ ಕೆಳಗಿನ ದಿಮ್ಮಿ ಲಟಕ್ಕೆಂದಿತು. ನನ್ನ ಇನ್ನೊಂದು ತುದಿ ಇನ್ನೂ ಯಾವುದಕ್ಕೂ ಸಿಕ್ಕಿರಲಿಲ್ಲ. ಅವಳ ಸೊಂಟಕ್ಕೇ ಕಟ್ಟಿಕೊಂಡಿದ್ದರೂ ನಾನು ಅವಳ ಜೊತೆ ಸುಮ್ಮನೆ ಬಿದ್ದೆ, ಅಷ್ಟೆ. ಅವಳು ಕಲ್ಲುಗಳ ಮೇಲೆ ಬಲಗೈ ಊರಿ ಬಿದ್ದಳು. ಮಣಿಕಟ್ಟು ಮುರಿಯಿತು.

ಕೃಪಾ ಅದುವರೆಗೆ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಮುರಿದ ಕೈ ಕಂಡಕೂಡಲೇ ಅವಳು ಬೇರೆಯೇ ಆದಳು. ದಂಡೆಗೆ ಬಂದು ಬಿದ್ದಿದ್ದ ಎರಡು ಕಟ್ಟಿಗೆ ಆರಿಸಿ, ತನ್ನ ದುಪಟ್ಟಾ ಹರಿದು, ಬೊನಾರಿಯಾಳ ಕೈಗೆ ಬಿಗಿಯಾಗಿ ಕಟ್ಟಿ ಕೊರಳಿಗೆ ತೂಗುಹಾಕಿದಳು.

“ಇಲ್ಲೇ ಕಾಯೋಣು,” ಎಂದಳು ಕೃಪಾ. “ಯಾರರ ಬರ್ತಾರ ದೊಡ್ಡವ್ವಾ.”

ಒಂದು ಅಲೆ ಬಂದು ಮೂವರ ಮೊಣಕಾಲಿಗೆ ಬಡಿದು ಚೀಲವೊಂದನ್ನು ಎಳೆದುಕೊಂಡು ಹೋಯಿತು. ಸುಗುಣವ್ವ ನನ್ನನ್ನು ಮಾತ್ರ ಬಿಡದೆ ಹಿಡಿದುಕೊಂಡಿದ್ದರು.

“ನೀರು ಕಾಯಂಗಿಲ್ಲ. ನಾ ಏರತೇನಿ.”

“ನಿನಗ ಅರವತ್ತ ವರ್ಷ!”

“ಅರವತ್ತ ವರ್ಷ ಅಂತಾನ ಕಾಲು ಎಲ್ಲಿಡಬೇಕು ಗೊತ್ತೈತಿ. ಆಕಿಗೆ ಹೇಳು.”

ಕೃಪಾ ಅಳುತ್ತಲೇ ಹೇಳಿದಳು. ಬೊನಾರಿಯಾ ಸುಗುಣವ್ವನ ಮುಖವನ್ನು ನೋಡಿದಳು. ಕೊನೆಗೆ ಎಡಗೈಯಿಂದ ನನ್ನ ತುದಿ ತೆಗೆದುಕೊಂಡು ಸುಗುಣವ್ವನ ಸೊಂಟದ ಪಟ್ಟಿಗೆ ಕಟ್ಟತೊಡಗಿದಳು. ಒಂದೇ ಕೈಗೆ ಗಂಟು ಬೀಳಲಿಲ್ಲ. ಕೃಪಾಳ ಕೈ ಸೇರಿತು. ಬೊನಾರಿಯಾ ಅದನ್ನು ಮೂರು ಸಲ ಜಗ್ಗಿ ನೋಡಿದಳು.

“ಬೆಳಿಗ್ಗೆಯಿಂದ ಇವರ ಕಾಲುಗಳನ್ನು ನೋಡಿದ್ದೇನೆ. ಯೋಚನೆ ಮಾಡಿ ಇಡುತ್ತಾರೆ,” ಎಂದಳು. “ಹೇಳು ಇವರಿಗೆ. ದಿಮ್ಮಿಯ ನಡುವೆ ತುಳಿಯಬಾರದು. ಕಲ್ಲಿಗೆ ತಾಗಿದ ಕೊನೆಯಲ್ಲಿ ಮಾತ್ರ. ಪ್ರತಿ ಮೂರನೆಯ ದಿಮ್ಮಿಗೆ ಈ ಪಟ್ಟಿ ಸುತ್ತಿ, ಕೊಂಡಿ ಹಾಕಿ, ಅದರೊಳಗೆ ಹಗ್ಗ ಹಾಯಿಸಬೇಕು. ಹಾಯಿಸಿದರೆ ನಾವು ಹಿಡಿಯಬಹುದು. ಹಾಯಿಸದಿದ್ದರೆ ಇಲ್ಲ.”

ಕೆಳಗೆ ಬೊನಾರಿಯಾ ಬಂಡೆಗೆ ಬೆನ್ನು ಕೊಟ್ಟು ಕೂತಳು. ಅವಳ ಸೊಂಟದ ಕೊಂಡಿಯ ಮೂಲಕ ನಾನು ಹಾದುಹೋದೆ. ಅವಳ ಎಡಗೈಯ ಹಿಂದೆ ಕೃಪಾಳ ಎರಡು ಕೈಗಳು ನನ್ನನ್ನು ಹಿಡಿದಿದ್ದವು. ಮೇಲೆ ಸುಗುಣವ್ವ ಏರುತ್ತಿದ್ದರು. ಮುರಿದ ದಿಮ್ಮಿಯ ಜಾಗದಲ್ಲಿ ಬಿರುಕಿನೊಳಗೆ ಮುಷ್ಟಿ ತೂರಿಸಿ ದಾಟಿದರು. ಒಂದು ಪಟ್ಟಿ ಕಟ್ಟಿದರು. ನಾನು ಕೊಂಡಿಯಲ್ಲಿ ಹಾಯ್ದೆ. ಎರಡನೆಯದು. ಮೂರನೆಯದು. ಗಾಳಿಗೆ ಅವರ ಟೀ ಶರ್ಟು ಪಟಪಟಿಸುತ್ತಿತ್ತು.

ಒಂಬತ್ತು ಮೀಟರ್ ಎತ್ತರದಲ್ಲಿ ಅವರ ಬೂಟು ಜಾರಿತು.

ನೆನೆದ ಕ್ಯಾನ್‌ವಾಸು, ನುಣುಪು ದಿಮ್ಮಿ. ಕೂಗೂ ಬರಲಿಲ್ಲ. ಒಂದು ಕ್ಷಣ ನಾನು ಸಡಿಲವಾಗಿ ಗಾಳಿಯಲ್ಲಿದ್ದೆ. ಮರುಕ್ಷಣ ಅವರ ಇಡೀ ಭಾರ ನನ್ನ ಮೇಲೆ ಬಂತು. ನನ್ನೊಳಗಿನ ಒಂದೊಂದು ಎಳೆಯೂ ಹಿಗ್ಗಿತು. ಆ ಸೆಳೆತಕ್ಕೆ ಕೆಳಗೆ ಬೊನಾರಿಯಾ ಕೂತಲ್ಲಿಂದ ಮೇಲೆದ್ದಳು. ಕೃಪಾಳ ಅಂಗೈ ಸುಟ್ಟಿತು, ಅವಳು ಬಿಡಲಿಲ್ಲ. ಸುಣ್ಣಕಲ್ಲಿನ ಚೂಪಾದ ಹಲ್ಲೊಂದು ನನ್ನ ನೀಲಿ ಅಂಗಿಯನ್ನು ಸೀಳಿತು. ನೋವೆಂದರೆ ಏನೆಂದು ಹಗ್ಗಕ್ಕೆ ತಿಳಿಯುವುದಾದರೆ ಅಂದು ನನಗೆ ತಿಳಿಯಿತು. ಆದರೂ ತಡೆದೆ.

ಸುಗುಣವ್ವ ಗೋಡೆಗೆ ಬಡಿದು, ತೂಗಾಡಿ, ನಿಂತರು. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು.

“ಕೃಪಾ, ಹಿಡದೀ?”

“ಹಿಡದೇನಿ ದೊಡ್ಡವ್ವಾ! ಹಿಡದೇನಿ!”

“ಇಳಿಸಲೇ ಕೇಳು,” ಎಂದಳು ಬೊನಾರಿಯಾ.

ಕೃಪಾ ಕೂಗಿ ಕೇಳಿದಳು. ಸುಗುಣವ್ವನ ಉಸಿರು ನನ್ನ ಮೂಲಕ ಕೆಳಗಿನವರೆಗೂ ನಡುಗುತ್ತಿತ್ತು. “ಇಳಸೂದು ಬ್ಯಾಡ ಅನ್ನು. ಇಲ್ಲಿತನಕಾ ಬಂದದ್ದು ಮತ್ತ ಎರಡನೇ ಸಲ ಆಗೂದಿಲ್ಲ ನನ್ನ ಕಡಿಂದ.”

ತೂಗುತ್ತಲೇ ಒಂದು ಬೂಟು ಬಿಚ್ಚಿ ಬಿಸಾಡಿದರು. ಆಮೇಲೆ ಇನ್ನೊಂದು. ಬಿಳಿಯ ಬೂಟುಗಳೆರಡೂ ಅಲೆಗೆ ಬಿದ್ದು ಮಾಯವಾದವು. ಬರಿಗಾಲ ಬೆರಳುಗಳಿಂದ ಬಂಡೆಯನ್ನು ತಡಕಿ, ಹಿಡಿತ ಸಿಕ್ಕಿದ ಮೇಲೆ ಮತ್ತೆ ಏರಿದರು. ಈ ಸಲ ಮೊದಲಿಗಿಂತ ನಿಧಾನ. ಒಂದು ದಿಮ್ಮಿಗೆ ಒಂದು ನಿಮಿಷ. ಕೆಳಗೆ ನೀರು ಬೊನಾರಿಯಾಳ ಸೊಂಟ ಮುಟ್ಟಿದಾಗ ಮೇಲಿನಿಂದ ಸೀಟಿ ಕೇಳಿಸಿತು. ಗಾಳಿಯಲ್ಲಿ ಮಾತು ಕೇಳಿಸದು ಎಂದು ಸುಗುಣವ್ವ ಸೀಟಿ ಊದಿದ್ದರು.

ನೆತ್ತಿಯಲ್ಲಿ ದಪ್ಪ ಜುನಿಪರ್ ಮರವೊಂದಿತ್ತು. ಅವರು ನನ್ನನ್ನು ಅದರ ಕಾಂಡಕ್ಕೆ ಮೂರು ಸುತ್ತು ಸುತ್ತಿದರು. ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ. ಕೃಪಾ ಆಮೇಲೆ ಕೇಳಿದ್ದಕ್ಕೆ, “ಅರವತ್ತ ಮೊಳದ ಬಾವಿ ನಮ್ಮ ಮನಿ ಹಿಂದ. ಕೊಡ ಭಾರ ಆತಂದ್ರ ಹಗ್ಗಾ ಕಲ್ಲಗಂಬಕ್ಕ ಸುತ್ತತಿದ್ವಿ. ಆಗ ಸಣ್ಣ ಹುಡುಗಿ ಸೈತ ದೊಡ್ಡ ಕೊಡಾ ತಡದು ನಿಂದರತಿದ್ಲು” ಎಂದರು.

ನನ್ನ ಕೆಳತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಕೃಪಾ ಏರಿದಳು. ಕಣ್ಣು ಮುಚ್ಚಿಕೊಂಡೇ ಏರಿದಳೆಂದು ನನಗೆ ಅನ್ನಿಸುತ್ತದೆ. ಅವಳು ಒಂದೊಂದು ಹೆಜ್ಜೆ ಮೇಲೆ ಬಂದಂತೆ ಸುಗುಣವ್ವ ನನ್ನನ್ನು ಮರದ ಸುತ್ತ ಬಿಗಿಗೊಳಿಸುತ್ತ ಬಂದರು. ಮೇಲೆ ತಲುಪಿದ ಕೃಪಾಳ ಕಣ್ಣಿಗೆ ನನ್ನ ಗಾಯ ಬಿತ್ತು. ನೀಲಿ ಹರಿದು ಒಳಗಿನ ಬಿಳಿ ಎಳೆಗಳು ಹೊರಬಂದಿದ್ದವು.

“ಹಗ್ಗ ಹರಿದಿದೆ!” ಎಂದು ಕೆಳಗೆ ಕೂಗಿದಳು.

ಬೊನಾರಿಯಾ ಎದೆಮಟ್ಟದ ನೀರಿನಲ್ಲಿ ನಿಂತು ಕೂಗಿ ಹೇಳಿದಳು. “ಹರಿದ ಭಾಗ ಮೇಲೆ ಇರಲಿ! ಇನ್ನೊಂದು ತುದಿ ಕೆಳಗೆ ಬಿಡು! ನನ್ನ ಭಾರ ಒಳ್ಳೆಯ ಭಾಗದ ಮೇಲೆ ಬೀಳಬೇಕು!”

ಅವರು ಹಾಗೆಯೇ ಮಾಡಿದರು. ಬೊನಾರಿಯಾ ಒಂದೇ ಕೈಯಿಂದ ನನ್ನನ್ನು ಸೊಂಟದ ಕೊಂಡಿಗೆ ಹೇಗೆ ಸಿಕ್ಕಿಸಿಕೊಂಡಳೋ ಗೊತ್ತಿಲ್ಲ. ಹಲ್ಲನ್ನೂ ಬಳಸಿದಳು, ಅದರ ಗುರುತು ನನ್ನ ಮೇಲೆ ಉಳಿದಿತ್ತು. ಆಮೇಲೆ ಕಾಲುಗಳಿಂದ ದಿಮ್ಮಿಗಳ ಮೇಲೆ ನಿಂತು, ಎಡಗೈಯಿಂದ ಹಿಡಿದು ಮೇಲೆ ಬಂದಳು. ಎರಡು ಹೆಜ್ಜೆಯ ನಡುವೆ ಹಿಡಿತ ಬಿಟ್ಟು ಮುಂದಿನ ದಿಮ್ಮಿಗೆ ಕೈ ಹಾಕಬೇಕಾದಾಗ ಅವಳ ಭಾರವೆಲ್ಲ ನನ್ನದು.

“ಒಂದು, ಎರಡು, ಜಗ್ಗು!” ಎಂದರು ಸುಗುಣವ್ವ ಮೇಲೆ. ಮೂವತ್ತನಾಲ್ಕು ವರ್ಷ ಮೈದಾನದಲ್ಲಿ ಕೂಗಿದ ದನಿ ಅದು. “ಒಂದು, ಎರಡು, ಜಗ್ಗು! ಕೃಪಾ, ಬೆನ್ನಿಲೇ ಜಗ್ಗಬ್ಯಾಡ, ಕಾಲಿಲೇ ಜಗ್ಗು!”

ಹತ್ತೊಂಬತ್ತು ಸಲ ಜಗ್ಗಿದರು. ನಾನು ಎಣಿಸಿದ್ದೆ. ಇಪ್ಪತ್ತನೆಯ ಸಲಕ್ಕೆ ಬೊನಾರಿಯಾಳ ಎಡಗೈ ಅಂಚಿನ ಮೇಲೆ ಕಾಣಿಸಿತು. ಅವಳು ಮೇಲೆ ಬಂದು ಮಣ್ಣಿನ ಮೇಲೆ ಮಲಗಿದಳು. ಆಮೇಲೆ ಬೊನಾರಿಯಾ ಸುಗುಣವ್ವನ ಬರಿಗಾಲುಗಳನ್ನು ಕಂಡು, ತನ್ನ ಬೆನ್ನಿನ ಚೀಲದಿಂದ ಎರಡು ಜೊತೆ ಕಾಲುಚೀಲ ತೆಗೆದುಕೊಟ್ಟಳು. ಒಂದರ ಮೇಲೊಂದು ಹಾಕಿಕೊಂಡು ಸುಗುಣವ್ವ ನಡೆದರು.

ಮುಸ್ಸಂಜೆಯಲ್ಲಿ, ಮೇಕೆ ಕಾಯುವವರ ಕಲ್ಲಿನ ಗುಡಿಸಲಿನ ಹತ್ತಿರ ಎದುರಿಗೆ ಜನ ಬರುತ್ತಿರುವುದು ಕಾಣಿಸಿತು. ಅಂತಿಯೋಕೋ ಬಂದರು ಮುಟ್ಟಿ ಸುದ್ದಿ ಕೊಟ್ಟಿದ್ದ. ಗಂಡಸರ ಮುಂದೆ ಕೋಲೂರಿಕೊಂಡು ಕುಂಟುತ್ತ ಎಫೀಸಿಯೋ ಬರುತ್ತಿದ್ದ. ಬೊನಾರಿಯಾಳ ಕೆನ್ನೆ ಮುಟ್ಟಿದ. ಆಮೇಲೆ ಅವಳ ಹೆಗಲಿನಿಂದ ನನ್ನನ್ನು ತೆಗೆದುಕೊಂಡು, ಹಳೆಯ ಅಭ್ಯಾಸದಂತೆ ಬೆರಳಾಡಿಸಿದ. ಗಾಯದ ಹತ್ತಿರ ಬೆರಳು ನಿಂತಿತು.

“ಯಾರು ಬಿದ್ದದ್ದು?”

ಬೊನಾರಿಯಾ ಸುಗುಣವ್ವನ ಕಡೆ ತೋರಿಸಿದಳು. “ಇವರು. ಬಿದ್ದು ಮತ್ತೆ ಏರಿದರು.”

ಎಫೀಸಿಯೋ ತಲೆಯ ಟೋಪಿ ತೆಗೆದ. ಊರಿನ ಉಳಿದ ಗಂಡಸರೂ ಒಬ್ಬೊಬ್ಬರಾಗಿ ತೆಗೆದರು. ಸೂಪಿನ ಮಾತಾಡಿ ನಕ್ಕವನೂ ಅವರಲ್ಲಿದ್ದ. ಅವನು ಬೊನಾರಿಯಾಳ ಮುಂದೆ ಬಂದು ಅವಳ ಚೀಲ ಹೊತ್ತುಕೊಂಡ.

ನನ್ನ ಕೆಲಸ ಅಂದಿಗೆ ಮುಗಿಯಿತು. ನನ್ನಂಥ ಹಗ್ಗಗಳಿಗೆ ಒಂದು ನಿಯಮವಿದೆ. ಗಾಯವಾದ ಮೇಲೆ ಮತ್ತೆ ಮನುಷ್ಯರ ಜೀವ ಹೊರಬಾರದು. ಯಾರೂ ತಿಳಿಯದೆ ಬಳಸಬಾರದೆಂದು ಕತ್ತರಿಸಿಬಿಡುತ್ತಾರೆ. ನಾಲ್ಕನೆಯ ದಿನ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಬೊನಾರಿಯಾ ಅಡುಗೆಮನೆಯ ಮೇಜಿನ ಮೇಲೆ ನನ್ನನ್ನಿಟ್ಟು ಚಾಕು ತೆಗೆದಳು. ಸುಗುಣವ್ವ, ಕೃಪಾ ಎದುರಿಗಿದ್ದರು.

“ಕಡೀಬ್ಯಾಡಂತ ಹೇಳು,” ಎಂದರು ಸುಗುಣವ್ವ. “ನಮ್ಮನ್ನ ಉಳಿಸೇತಿ ಅದು.”

“ಅದಕ್ಕೇ ಕತ್ತರಿಸಬೇಕು,” ಎಂದಳು ಬೊನಾರಿಯಾ. “ಗಟ್ಟಿ ಇದ್ದಂತೆ ಕಾಣುತ್ತದೆ. ನಾಳೆ ಯಾರೋ ನಂಬುತ್ತಾರೆ. ನಂಬಿದವರಿಗೆ ಇದು ಮೋಸ ಮಾಡಬಾರದು.”

ಗಾಯದ ಜಾಗದಲ್ಲೇ ಕತ್ತರಿಸಿದಳು. ಒಂಬತ್ತು ಮೀಟರ್ ಆಚೆ, ಮೂವತ್ತೊಂದು ಮೀಟರ್ ಈಚೆ. ನಾನು ಈ ಉದ್ದದ ತುಂಡಿನಲ್ಲಿ ಉಳಿದೆ. ಸಣ್ಣದನ್ನು ಎಫೀಸಿಯೋನ ತಮ್ಮ ಮೇಕೆ ದೊಡ್ಡಿಯ ಬಾಗಿಲಿಗೆ ಕಟ್ಟಿದನಂತೆ. ಕತ್ತರಿಸಿದ ತುದಿಗಳನ್ನು ಬೆಂಕಿಕಡ್ಡಿಯಿಂದ ಸುಟ್ಟು ಬಿಗಿಮಾಡಿ, ಬೊನಾರಿಯಾ ನನ್ನನ್ನು ಎರಡೂ ಕೈಗಳಿಂದ, ಪ್ಲಾಸ್ಟರಿನ ಕೈಯಿಂದಲೂ, ಸುಗುಣವ್ವನ ಮಡಿಲಿಗೆ ಹಾಕಿದಳು.

“ಒಂದು ಮಾತು ಕೊಡಬೇಕು. ಇನ್ನು ಮೇಲೆ ಇದರ ಮೇಲೆ ಯಾರನ್ನೂ ತೂಗಿಸಬಾರದು.”

“ಕೊಟ್ಟೇನಿ,” ಎಂದರು ಸುಗುಣವ್ವ.

ಹೀಗೆ ನಾನು ವಿಮಾನದ ಹೊಟ್ಟೆಯಲ್ಲಿ ಕೂತು, ಆಮೇಲೆ ರೈಲು ಹತ್ತಿ ಬೆಟಗೇರಿಗೆ ಬಂದೆ. ಮೊದಲ ಮಳೆಗಾಲವನ್ನು ಟ್ರಂಕಿನಲ್ಲಿ ಕಳೆದೆ. ಮೇಲೆ ಹಳೆಯ ಕ್ರೀಡಾಕೂಟದ ಪದಕಗಳು, ಕೆಳಗೆ ಒಂದು ಕಂಬಳಿ. ಆ ದಿನಗಳಲ್ಲೇ ಮನೆಯೊಳಗಿನ ಮಾತು ಕೇಳುತ್ತ ಕೇಳುತ್ತ ಕನ್ನಡ ನನಗೆ ಬಂತು.

ಸುಗುಣವ್ವ ನಿವೃತ್ತಿಯ ನಂತರ ಸುಮ್ಮನೆ ಕೂರಲಿಲ್ಲ. ಭಾನುವಾರ ಬೆಳಗಾದರೆ ನೇಕಾರ ಓಣಿಯ ಹೆಂಗಸರನ್ನು ಕರೆದುಕೊಂಡು ಕಪ್ಪತಗುಡ್ಡಕ್ಕೆ ಹೊರಟರು. ಮೊದಲ ವಾರ ಇಬ್ಬರು. ಮಗ್ಗದ ಮುಂದೆ ಕೂತು ಕೂತು ಸೊಂಟ ಹಿಡಿದವರು. ಓಣಿಯ ಜನ ಆಡಿಕೊಂಡರು. ಮೂರನೆಯ ತಿಂಗಳಿಗೆ ಒಂಬತ್ತು ಮಂದಿ ಆದರು. ಪಕ್ಕದ ಮನೆಯ ಅಂಬವ್ವ ಅವರಲ್ಲಿ ಮುಂದಾಳು. ಗುಡ್ಡದಲ್ಲಿ ಒಂದು ಕಡೆ ಬಂಡೆ ಕಡಿದಾಗಿತ್ತು. ಅದನ್ನು ದಾಟಲು ಹಗ್ಗ ಬೇಕೆಂದು ಅಂಬವ್ವ ಬಂದು ಕೇಳಿದಳು.

“ನಿಮ್ಮ ಟ್ರಂಕಿನ್ಯಾಗ ಪಾರಿನ್ ಹಗ್ಗ ಐತಲ್ರಿ ಟೀಚರ್? ಅದನ್ನ ತೊಗೊಂಡ ಹೋಗೂಣ್ರಿ.”

ಟ್ರಂಕಿನೊಳಗೆ ನಾನು ಎಳೆ ಎಳೆಯಾಗಿ ಎಚ್ಚರವಾದೆ. ಇನ್ನೂ ಗಟ್ಟಿಯಾಗಿದ್ದೇನೆ, ಇನ್ನೊಂದು ಸಲ ತಡೆಯಬಲ್ಲೆ ಎನಿಸಿತು.

“ಅದು ಬರಂಗಿಲ್ಲ ಅಂಬವ್ವಾ,” ಎಂದರು ಸುಗುಣವ್ವ. “ಒಂದ ಸಲ ನನ್ನ ಹಿಡದೇತಿ. ಇನ್ನೊಬ್ಬರನ್ನ ಹಿಡೀತೈತಿ ಅಂತ ನಾ ಹೆಂಗ ಹೇಳ್ಲಿ? ಮಾತು ಕೊಟ್ಟು ಬಂದೇನಿ. ಹೊಸಾದು ತರಸ್ತೇನಿ, ಅಲ್ಲಿತನಕಾ ಬ್ಯಾರೆ ದಾರಿ ಹುಡುಕೂಣು.”

ನನಗೆ ದುಃಖವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವರು ಹೇಳಿದ್ದು ಸರಿ. ಅವರು ಬೇರೆ ದಾರಿ ಹುಡುಕಿದರು. ಎರಡು ಭಾನುವಾರ ಹಿಡಿಯಿತು. ಸಿಕ್ಕಿತು.

ಅದಾದ ಸ್ವಲ್ಪ ದಿನಕ್ಕೆ, ಬಣ್ಣ ಹಾಕಿ ಒಣಗಲು ಬಿಟ್ಟ ನೂಲಿನ ಲಡಿಗಳ ಭಾರಕ್ಕೆ ಅಂಬವ್ವನ ಅಂಗಳದ ಪ್ಲಾಸ್ಟಿಕ್ ಹಗ್ಗ ಹರಿದು, ಇಳಕಲ್ ಸೀರೆಗೆಂದು ಹಾಕಿದ ಕೆಂಪು ನೂಲೆಲ್ಲ ಕೆಸರಿಗೆ ಬಿತ್ತು. ಅಂಬವ್ವ ಅಂಗಳದಲ್ಲಿ ಕೂತು ಅತ್ತುಬಿಟ್ಟಳು. ಸುಗುಣವ್ವ ಒಳಗೆ ಹೋಗಿ ಟ್ರಂಕು ತೆಗೆದರು. ಎರಡು ಮನೆಗಳ ನಡುವೆ, ಕಂಬದಿಂದ ಕಂಬಕ್ಕೆ, ಮೂರು ಸಾಲಾಗಿ ನನ್ನನ್ನು ಬಿಗಿದು ಕಟ್ಟಿದರು.

“ಇದರ ಮ್ಯಾಲೆ ಏನರ ಹಾಕು,” ಎಂದರು, “ಬೀಳಂಗಿಲ್ಲ.”

ಈಗ ನಾಲ್ಕು ವರ್ಷವಾಯಿತು. ನನ್ನ ನೀಲಿ ಬಿಸಿಲಿಗೆ ಮಾಸಿ ಬೂದಿಯಾಗಿದೆ. ಬೊನಾರಿಯಾಳ ಕೈ ಕೂಡಿತಂತೆ, ಸ್ವಲ್ಪ ಸೊಟ್ಟಗೆ. ಮರುವರ್ಷ ವಸಂತದಲ್ಲೇ ಅವಳು ಮತ್ತೆ ಜನರನ್ನು ಕರೆದುಕೊಂಡು ಆ ದಂಡೆಯ ಹಾದಿ ಹಿಡಿದಳೆಂದು, ಹೆಗಲ ಮೇಲೆ ಕೆಂಪು ಹೊಸ ಹಗ್ಗವಿತ್ತೆಂದು ಕೃಪಾ ಫೋನಿನಲ್ಲಿ ಹೇಳಿದ್ದು ಕೇಳಿಸಿಕೊಂಡೆ. ಆ ಹಗ್ಗ ಯಾರನ್ನೂ ಹಿಡಿಯಬೇಕಾಗದೆ ಮುದಿಯಾಗಲಿ.

ಭಾನುವಾರ ಹೆಂಗಸರು ಗುಡ್ಡಕ್ಕೆ ಹೋಗುವ ಮೊದಲು ಅಂಬವ್ವ ಒದ್ದೆ ಲಡಿಗಳನ್ನು ತಂದು ನನ್ನ ಮೇಲೆ ಸಾಲಾಗಿ ಹಾಕುತ್ತಾಳೆ. ಕೆಂಪು, ಹಸಿರು, ನೇರಳೆ. ತೊಟ್ಟಿಕ್ಕುವ ನೂಲು ತುಂಬ ಭಾರ. ನಾನು ನಡುವಿನಲ್ಲಿ ಬಾಗುತ್ತೇನೆ. ಅವರು ಮಾತಾಡುತ್ತ, ಸುಗುಣವ್ವನ ಸೀಟಿಗೆ ಹೆಜ್ಜೆ ಹಾಕುತ್ತ ಓಣಿ ದಾಟಿ ಹೋಗುತ್ತಾರೆ. ಬಿಸಿಲು ಏರುತ್ತದೆ. ಹಿಂದೆ ನನ್ನ ಮೇಲೆ ಬೀಳುತ್ತಿದ್ದ ಭಾರ ಒಂದೇ ಕ್ಷಣದಲ್ಲಿ ಎಲ್ಲವನ್ನೂ ಕೇಳುತ್ತಿತ್ತು. ಈ ಭಾರ ಹಾಗಲ್ಲ. ಹೊತ್ತು ಸರಿದಂತೆ ನೀರು ಆರುತ್ತದೆ, ನೂಲು ಹಗುರಾಗುತ್ತದೆ, ನಾನು ಸ್ವಲ್ಪ ಸ್ವಲ್ಪವೇ ಮೇಲೇಳುತ್ತೇನೆ. ಅವರು ಗುಡ್ಡ ಇಳಿದು ಬರುವ ಹೊತ್ತಿಗೆ ಗಾಳಿಗೆ ಲಡಿಗಳು ತೂಗುತ್ತಿರುತ್ತವೆ, ನಾನು ನೆಟ್ಟಗಿರುತ್ತೇನೆ.